ಸನ್ಮಾನಕ್ಕೊಂದು ಎದುರುತೂಕ

ದಾನೇಶ್ವರಿಯ ಮನೆಯಲ್ಲಿ ಶಾಲು ಇಡುವುದಕ್ಕೆ ಜಾಗ ಸಾಲದಾಗಿತ್ತು. ಮುಂಬಯಿಯಲ್ಲಿ ಚಳಿ ಎಂಬುದು ನೆಂಟರ ಹಾಗೆ ಬಂದು, ಚಹಾ ಕುಡಿದು, ‘ಇನ್ನೊಮ್ಮೆ ಬರ್ತೀವಿ’ ಎಂದು ಎದ್ದುಹೋಗುವ ಸಂಗತಿ. ಆದರೆ ಭಾಂಡುಪಿನ ಮೂರನೇ ಮಹಡಿಯ ಆ ಸಣ್ಣ ಮನೆಯ ಕಪಾಟು ತೆಗೆದರೆ ಇಡೀ ಕುಟುಂಬ ಕಾಶ್ಮೀರಕ್ಕೆ ಹೊರಟಿದೆಯೇನೋ ಅನ್ನಿಸಬೇಕು. ಜರಿಯಂಚಿನದು, ಹಸಿರು ಬಣ್ಣದ್ದು, ತೊಳೆದರೆ ಕರವಸ್ತ್ರವಾಗುವಂಥದ್ದು, ಎಲ್ಲವೂ ಅವಳು ಹೆಣ್ಣಾಗಿದ್ದೂ ಎಂಜಿನಿಯರ್ ಆದ ಅಪರಾಧಕ್ಕೆ ಹೊದಿಸಿದವು. ಅವ್ವ ಮಲ್ಲಕ್ಕ ಒಂದನ್ನು ಟೀವಿಗೆ ಹೊದಿಸಿದ್ದಳು, ಇನ್ನೊಂದನ್ನು ಮಿಕ್ಸರಿಗೆ.

“ನೋಡ್ರಿ, ಮಿಕ್ಸರಿಗೂ ಸನ್ಮಾನ ಆತು,” ಎನ್ನುತ್ತಿದ್ದಳು ಅಣ್ಣ ಶರಣುವಿನ ಹೆಂಡತಿ ಭುವನೇಶ್ವರಿ. “ಅದಾದ್ರೂ ಪಾಪ, ದಿನಾ ಕೆಲಸ ಮಾಡ್ತದ.”

ಈ ಚುಚ್ಚು ದಾನೇಶ್ವರಿಗೆ ಸರಿಯಾಗಿಯೇ ತಾಗುತ್ತಿತ್ತು. ಯಾಕೆಂದರೆ ಅವಳಿಗೆ ಕೆಲಸ ಮಾಡಲು ಯಾರೂ ಬಿಡುತ್ತಿರಲಿಲ್ಲ.

ಅವಳು ಇದ್ದದ್ದು ಒಂದು ಲಿಫ್ಟ್ ಕಂಪನಿಯಲ್ಲಿ. ಯಾವ ಮಹಡಿಯಲ್ಲಿ ಯಾರು ಗುಂಡಿ ಒತ್ತಿದರು, ಯಾವ ಲಿಫ್ಟು ಓಡಬೇಕು, ಎಲ್ಲಿ ನಿಧಾನಿಸಬೇಕು, ಎಷ್ಟು ನಯವಾಗಿ ನಿಲ್ಲಬೇಕು, ಇದನ್ನೆಲ್ಲ ನಿರ್ಧರಿಸುವ ಲಿಫ್ಟಿನ ತಲೆ, ಅಂದರೆ ಕಂಟ್ರೋಲ್ ಪ್ಯಾನೆಲ್ಲು, ಅವಳ ಖಾತೆ. ಸೈಟುಗಳ ಮೇಲೆ ಓಡಾಡುವ ಎಂಜಿನಿಯರುಗಳಲ್ಲಿ ಹೆಣ್ಣು ಅವಳೊಬ್ಬಳೇ ಆದ್ದರಿಂದ ಕಂಪನಿಗೆ ಅವಳ ಮೇಲೆ ವಿಪರೀತ ಅಭಿಮಾನ. ಎಷ್ಟು ಅಭಿಮಾನವೆಂದರೆ, ಕೆಲಸ ಮಾಡಲು ಬಿಡಲಾರದಷ್ಟು. ವಿಜಯಪುರದಲ್ಲಿ ನಾಲ್ಕು ವರ್ಷ ಕಷ್ಟಪಟ್ಟು ಓದಿದ್ದು ಪ್ಯಾನೆಲ್ ಮುಂದೆ ಕೂರುವುದಕ್ಕೆ. ಕಂಪನಿ ಅವಳನ್ನು ಪ್ಯಾನೆಲ್ ಮೇಲೆ ಕೂರಿಸುತ್ತಿತ್ತು. ಹಿಂದೆ ಬ್ಯಾನರು, ಮುಂದೆ ನೀರಿನ ಬಾಟಲಿ, ಕೈಯಲ್ಲಿ ಮೈಕು, ಹೆಗಲ ಮೇಲೆ ಶಾಲು.

ಮಾರ್ಚ್ ಬಂತೆಂದರೆ ಕೇಳುವುದೇ ಬೇಡ. ಕಂಪನಿಗಳ ಮಹಿಳಾ ದಿನವೂ ಮುಂಬಯಿಯ ಗಣಪತಿಯ ಹಾಗೆ: ಕೆಲವರ ಕಡೆ ಒಂದೂವರೆ ದಿನದ್ದು, ಕೆಲವರ ಕಡೆ ಐದು ದಿನದ್ದು, ದೊಡ್ಡವರ ಕಡೆ ಹನ್ನೊಂದು ದಿನದ್ದು. ಕೂರಿಸುವುದು, ಹಾರ ಹಾಕುವುದು, ಆರತಿ ಮಾಡುವುದು, ಆಮೇಲೆ ಮುಳುಗಿಸಿ ಬರುವುದು. ಎಲ್ಲ ಕಡೆಯೂ ಒಬ್ಬ ಫೋಟೋದವನು ಇದ್ದೇ ಇರುತ್ತಿದ್ದ. ಎಲ್ಲ ಕಡೆಯೂ ಅವನು ಅದನ್ನೇ ಹೇಳುತ್ತಿದ್ದ: “ಮೇಡಮ್, ಥೋಡಾ ಬೀಚ್ ಮೇ ಆಯಿಯೇ.” ಸ್ವಲ್ಪ ನಡುವೆ ಬರ್ರಿ. ನಡುವೆ ನಿಂತು ನಿಂತು ದಾನೇಶ್ವರಿ ಕೆಲಸದಲ್ಲಿ ಅಂಚಿಗೆ ಸರಿದಿದ್ದಳು.

ಕಂಪನಿಯಲ್ಲಿ ಒಂದು ರೂಢಿ. ಹೊಸ ಕಟ್ಟಡದ ಲಿಫ್ಟು ನೋಡಲು ಸರ್ಕಾರದ ಇನ್ಸ್‌ಪೆಕ್ಟರ್ ಬಂದ ದಿನ ಯಾರು ಅವರ ಜೊತೆ ನಿಂತು ಟೆಸ್ಟ್ ಮಾಡಿಸಿ ಸಹಿ ಹಾಕುತ್ತಾರೋ ಅವರೇ ಆ ಸೈಟಿನ ಇನ್‌ಚಾರ್ಜ್. ಮುಂದೆ ಪ್ರಮೋಷನ್ ಬರುವುದು ಆ ಬಾಗಿಲಿಂದಲೇ. ಮುಲುಂಡಿನ ಸೈಟಿನಲ್ಲಿ ಎಲ್ಲ ಸಿದ್ಧ ಮಾಡಿದವಳು ದಾನೇಶ್ವರಿ. ಇನ್ಸ್‌ಪೆಕ್ಟರ್ ಬಂದ ದಿನ ಅವಳು ನವಿ ಮುಂಬಯಿಯಲ್ಲಿ ದೀಪ ಹಚ್ಚುತ್ತಿದ್ದಳು. ಪವಾಯಿಯ ಸೈಟಿನಲ್ಲೂ ಹಾಗೇ. ಇನ್ಸ್‌ಪೆಕ್ಟರ್ ಬಂದಾಗ ಅವಳು ‘ಹೆಣ್ಣು ಮತ್ತು ಗಗನ’ ಎಂಬ ವಿಷಯದ ಮೇಲೆ ನೆಲಮಹಡಿಯಲ್ಲಿ ಮಾತಾಡುತ್ತಿದ್ದಳು. ಎರಡೂ ಸಲ ಸಹಿ ಹಾಕಿದವನು ಅವಳಿಗಿಂತ ಎರಡು ವರ್ಷ ಕಿರಿಯ ಅನಿಕೇತ್. ಬೆಳಗಾವಿ ಮೂಲದ, ಘಾಟ್ಕೋಪರಿನಲ್ಲೇ ಹುಟ್ಟಿ ಬೆಳೆದ, ಕನ್ನಡವನ್ನು ಹಿಂದಿಯ ಮೇಲೆ ಒರಗಿಸಿ ಮಾತಾಡುವ ಹುಡುಗ. ಕೆಟ್ಟವನಲ್ಲ. ಅವನನ್ನು ಯಾರೂ ಸನ್ಮಾನಕ್ಕೆ ಕರೆಯುತ್ತಿರಲಿಲ್ಲ, ಹಾಗಾಗಿ ಬಿಡುವಾಗಿ ಕೆಲಸ ಮಾಡಿಕೊಂಡಿದ್ದ, ಅಷ್ಟೇ.

ಈ ಸಲ ಘಾಟ್ಕೋಪರಿನ ಟವರು. ನಾಲ್ಕು ಲಿಫ್ಟು. ಇದು ಕೈತಪ್ಪಿದರೆ ಮುಂದಿನ ಜನ್ಮದಲ್ಲೇ ಎಂದು ದಾನೇಶ್ವರಿಗೆ ಗೊತ್ತಿತ್ತು. ಗುರುವಾರ ಸಂಜೆ ಪ್ರಾಜೆಕ್ಟ್ ಮ್ಯಾನೇಜರ್ ಶ್ರೀಮಂತ ಸರ್ ಕರೆದರು. ಹೆಸರಿಗೆ ಶ್ರೀಮಂತ, ಮಾತಿನಲ್ಲಿ ಕಡುಬಡವ. ಧಾರವಾಡದ ಮನುಷ್ಯ, ಒಂದೊಂದು ಶಬ್ದವನ್ನೂ ಬ್ಯಾಂಕಿನಿಂದ ತೆಗೆದ ಹಾಗೆ ಎಣಿಸಿ ತೆಗೆಯುವವರು.

“ಶನಿವಾರ ಇನ್ಸ್‌ಪೆಕ್ಟರ್ ಬರ್ತಾರ.”

“ನಾ ರೆಡಿ ಇದ್ದೀನ್ರೀ ಸರ್.”

“ಶನಿವಾರ ಪಾರ್ಲೇದಾಗ ನಿನಗ ಅವಾರ್ಡ್ ಅದ.”

“ಇಲ್ಲ ಅಂತ ಹೇಳ್ರಲ್ಲ ಸರ್.”

“ಹೆಡ್ ಆಫೀಸು,” ಎಂದರು ಶ್ರೀಮಂತ ಸರ್. ಅಲ್ಲಿಗೆ ಆ ದಿನದ ಶಬ್ದಗಳು ಮುಗಿದವು.

ಹೆಡ್ ಆಫೀಸಿನ ವೈಶಾಲಿಗೆ ತಾನೇ ಫೋನ್ ಮಾಡಿದಳು. ವೈಶಾಲಿ ಎಚ್ಆರ್‌ಗೆ ಹೊಸಬಳು. ಇನ್ನೂ ಮುಖ ನೋಡಿರಲಿಲ್ಲ, ಬರೀ ದನಿಯ ಪರಿಚಯ. ಆ ದನಿ ಮಾತ್ರ ಜೇನಿನಲ್ಲಿ ಅದ್ದಿದ್ದು. “ದಾನೇಶ್ವರೀಜೀ! ಯೂ ಆರ್ ಅವರ್ ಪ್ರೈಡ್, ಯಾರ್! ನೀವೇ ಬರದಿದ್ದರೆ ಹುಡುಗಿಯರಿಗೆ ಸ್ಫೂರ್ತಿ ಯಾರು? ನಾನು ಪುಣೆಯ ಫಂಕ್ಷನ್‌ನಲ್ಲಿ ಇರ್ತೀನಿ, ಪಾರ್ಲೆ ನೀವು ಸಂಭಾಳಿಸಿ. ಸೀರೆ ಉಟ್ಟು ಬನ್ನಿ, ಪ್ಲೀಸ್!”

ರಾತ್ರಿ ಊಟಕ್ಕೆ ಕೂತಾಗ ದಾನೇಶ್ವರಿ ಇದನ್ನೆಲ್ಲ ಹೇಳಿದಳು. ಜೋಳದ ರೊಟ್ಟಿ ಬಡಿಯುತ್ತಿದ್ದ ಭುವನೇಶ್ವರಿ ಕೈ ನಿಲ್ಲಿಸದೇ ವೈಶಾಲಿಯಾಗಿಬಿಟ್ಟಳು. “ದಾನೇಶ್ವರೀಜೀಈಈ! ಸೀರಿ ಉಟ್ಟು ಬನ್ನಿ, ಪ್ಲೀಸ್!” ಮುಖ ನೋಡದೇ ಇದ್ದರೂ ಕುತ್ತಿಗೆ ಎಷ್ಟು ವಾಲಿಸುತ್ತಾಳೆ ಎಂಬುದೂ ಅವಳಿಗೆ ಗೊತ್ತಿದ್ದಂತಿತ್ತು. ದನಿ ಕದಿಯುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಲೋಕಲ್ಲಿನಲ್ಲಿ ಹೋಗುವಾಗ “ಪುಢೀಲ್ ಸ್ಟೇಷನ್... ಘಾಟ್ಕೋಪರ್” ಎಂದು, ಮುಂದಿನ ಸ್ಟೇಷನ್ ಸಾರುವ ರೈಲಿನವಳಿಗಿಂತ ಒಂದು ಸ್ಟೇಷನ್ ಮೊದಲೇ ಹೇಳಿ, ಪಾಪದ ಹೆಂಗಸರನ್ನು ಬಾಗಿಲಿಗೆ ಓಡಿಸಿದವಳು. ವಿಜಯಪುರದಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ಬಂದು, ಈಗ ಮನೆಯಿಂದಲೇ ರೊಟ್ಟಿ-ಚಟ್ನಿಪುಡಿ ಮಾರುತ್ತಿದ್ದಳು.

“ಅಲ್ಲಿ ಏನೇನು ಕೇಳ್ತಾರ ನಿನಗ?” ಎಂದಳು.

“ಮನಿ, ಆಫೀಸು ಎರಡೂ ಹೆಂಗ ಸಂಭಾಳಸ್ತೀರಿ? ಮನ್ಯಾಗ ಸಪೋರ್ಟ್ ಅದನ? ಅಡಗಿ ಮಾಡಾಕ ಬರ್ತದನ? ಮದುವಿ ಯಾವಾಗ?”

“ಲಿಫ್ಟಿನ ಸುದ್ದಿ?”

“ಇಲ್ಲಿತನಕ ಒಬ್ಬರೂ ಕೇಳಿಲ್ಲ.”

ಭುವನೇಶ್ವರಿ ರೊಟ್ಟಿ ತವೆಯ ಮೇಲೆ ಹಾಕಿ, ಸೆರಗಿನಿಂದ ಹಣೆ ಒರೆಸಿದಳು. “ಹಂಗಾದ್ರ ಇದು ಕನ್ಯಾ ನೋಡೋ ಶಾಸ್ತ್ರ ಆತಲ್ಲವಾ! ಅದs ಸೀರಿ, ಅದs ಕುರ್ಚಿ, ಅದs ಪ್ರಶ್ನಿ. ಅವಲಕ್ಕಿ ಪ್ಲೇಟ್ ಒಂದು ಇಲ್ಲ. ನನ್ನ ಎಷ್ಟು ಮಂದಿ ನೋಡಿ ಹೋಗ್ಯಾರ ಗೊತ್ತದನ ನಿಮ್ಮ ಅಣ್ಣನಕಿಂತ ಮೊದಲ? ನಂಗ ಇದರಾಗ ಡಿಗ್ರಿ ಅದ.”

ಮಲ್ಲಕ್ಕ ನಡುವೆ ಬಾಯಿ ಹಾಕಿದಳು. “ನಮ್ಮ ಸೋದರತ್ತಿ ಲಗ್ನದಾಗ ತೋರಿಸಿದ್ದು ತಂಗೀನ್ನ, ಕೊಟ್ಟಿದ್ದು ಅಕ್ಕನ್ನ. ತಾಳಿ ಕಟ್ಟೂತನಕ ಯಾರಿಗೂ ಗೊತ್ತಾಗ್ಲಿಲ್ಲ. ಅಕ್ಷತಾ ಬಿದ್ದ ಮ್ಯಾಲೆ ಗೊತ್ತಾತು, ಆವಾಗ ಊಟ ಬಡಿಸಿಬಿಟ್ಟಿದ್ರು.”

ದಾನೇಶ್ವರಿ ಭುವನೇಶ್ವರಿಯ ಕಡೆ ತಿರುಗಿದಳು. ತವೆಯ ಮೇಲಿನ ರೊಟ್ಟಿ ಉಬ್ಬಿತು.

ಕಂಪನಿಯ ವೆಬ್‌ಸೈಟಿನಲ್ಲಿದ್ದ ದಾನೇಶ್ವರಿಯ ಫೋಟೋದಲ್ಲಿ ಹೆಲ್ಮೆಟ್ಟು, ಗಾಗಲ್ಲು, ಮೂಗಿಗೆ ಮಾಸ್ಕು. ಒಳಗೆ ಯಾರು ಬೇಕಾದರೂ ಇರಬಹುದಿತ್ತು. ವೈಶಾಲಿ ಪುಣೆಯಲ್ಲಿ. ಅವಾರ್ಡ್ ಕೊಡುವ ಪಾರ್ಲೆಯ ಸಂಘದವರು ದಾನೇಶ್ವರಿಯನ್ನು ಕಂಡವರಲ್ಲ. ಮದುವೆಯಲ್ಲಿ ಹೆಣ್ಣು ಬದಲಾಯಿಸಿದವರ ಮನೆತನ. ಅವಾರ್ಡಿನಲ್ಲಿ ಬದಲಾಯಿಸಲು ಎಷ್ಟು ಹೊತ್ತು?

“ವೈನಿ, ಸಿಕ್ಕೊಂಡ್ರ?” ಎಂದು ದಾನೇಶ್ವರಿ ಅತ್ತಿಗೆಯನ್ನು ಕೇಳಿದಳು.

“ಸಿಕ್ಕೊಂಡ್ರ ನೀ ಹೋಗ್ತಿ ಕೆಲಸದಿಂದ, ನನಗೇನು? ನಂದು ರೊಟ್ಟಿ ಅದ,” ಎಂದು ಭುವನೇಶ್ವರಿ ನಕ್ಕಳು. ಆಮೇಲೆ ನಗು ಬಿಟ್ಟು, “ಏನರೆ ಲಿಫ್ಟಿಂದು ಒಂದು ಮಾತು ಹೇಳಿಕೊಡು. ಪೂರಾ ಖಾಲಿ ಹೋಗಬಾರದು. ನಾ ಅಂತೂ ಲಿಫ್ಟ್ ಹತ್ತಾಕಿ ಅಲ್ಲ, ನಿನಗ ಗೊತ್ತದ. ಆ ಡಬ್ಬಿ ಜಾರಿ ಬಿದ್ರ ಅಂತ ನನ್ನ ಎದಿ ಹಾರ್ತದ,” ಎಂದಳು.

ದಾನೇಶ್ವರಿ ಒಂದು ಮಾತು ಹೇಳಿಕೊಟ್ಟಳು. ಲಿಫ್ಟು ಹಗ್ಗಕ್ಕೆ ಒಂಟಿಯಾಗಿ ಜೋತುಬಿದ್ದಿರುವುದಿಲ್ಲ. ಹಗ್ಗದ ಇನ್ನೊಂದು ತುದಿಗೆ ಕಬ್ಬಿಣದ ಇಟ್ಟಿಗೆಗಳ ಎದುರುತೂಕ ಇರುತ್ತದೆ. ಲಿಫ್ಟು ಮೇಲೆ ಹೋದರೆ ಅದು ಕೆಳಗೆ ಇಳಿಯುತ್ತದೆ. ಅದು ಗೋಡೆಯ ಒಳಗೆ ಇರುವುದರಿಂದ ಯಾರಿಗೂ ಕಾಣುವುದಿಲ್ಲ. ಭುವನೇಶ್ವರಿ ಹೂಂ ಹೂಂ ಎಂದು ಕೇಳಿ, ರೊಟ್ಟಿ ತಿರುವಿ ಹಾಕಿದಳು.

ಶನಿವಾರ ಬೆಳಿಗ್ಗೆ ಭಾಂಡುಪ್ ಸ್ಟೇಷನ್ನಿನಿಂದ ಇಬ್ಬರು ದಾನೇಶ್ವರಿಯರು ಒಂದೇ ಲೋಕಲ್ ಹತ್ತಿದರು. ಒಬ್ಬಳು ಸೇಫ್ಟಿ ಶೂ ಹಾಕಿ ಘಾಟ್ಕೋಪರಿನಲ್ಲಿ ಇಳಿದಳು. ಇನ್ನೊಬ್ಬಳು ಇಳಕಲ್ ಸೀರೆ ಉಟ್ಟು ದಾದರಿನಲ್ಲಿ ಗಾಡಿ ಬದಲಿಸಿ ಪಾರ್ಲೆಗೆ ಹೋದಳು.

ಸೈಟಿನಲ್ಲಿ ಅವಳನ್ನು ಕಂಡ ಅನಿಕೇತ್ ದಂಗಾದ. “ಮೇಡಮ್, ನೀವು ಪಾರ್ಲೆ... ನಹೀ ಗಯೇ?”

“ಹೋಗೀನಿ,” ಎಂದಳು ದಾನೇಶ್ವರಿ. “ನೀ ತೂಕ ಹಾಕಿಸು.”

ಅನಿಕೇತ್ ತೂಕ ತರಿಸಲು ಹೊರಟ. ಕೇಳದೇ ಇರುವುದೇ ಅವನ ದೊಡ್ಡ ಗುಣ.

ಇನ್ಸ್‌ಪೆಕ್ಟರ್ ಬರುವ ಮೊದಲು ಒಂದು ಸಲ ನೋಡಿಕೊಳ್ಳೋಣವೆಂದು ಎರಡನೇ ಲಿಫ್ಟಿಗೆ ಪೂರ್ತಿ ತೂಕ ತುಂಬಿಸಿ ಗುಂಡಿ ಒತ್ತಿದಳು. ಲಿಫ್ಟು ಮೇಲೇಳುವ ಮೊದಲು ನಾಲ್ಕು ಬೆರಳು ಕೆಳಗೆ ಜಾರಿತು. ಆಮೇಲೆ ತಪ್ಪು ತಿಳಿದವರ ಹಾಗೆ ತಡವರಿಸಿ ಮೇಲೆ ಹೋಯಿತು. ಒಳಗೆ ಎಷ್ಟು ಭಾರವಿದೆ ಎಂದು ಅಳೆದು ಅಷ್ಟಕ್ಕೆ ತಕ್ಕ ಬಲ ಹಾಕಲು ಪ್ಯಾನೆಲ್ಲಿಗೆ ಅವಳೇ ಕಲಿಸಿದ್ದಳು. ಹದಿನೈದು ದಿನದ ಹಿಂದೆ ಇದೇ ಲಿಫ್ಟು ಬೆಣ್ಣೆಯ ಹಾಗೆ ಏರಿತ್ತು. ಪ್ಯಾನೆಲ್ ನೋಡಿದಳು, ಅಂಕಿಗಳೆಲ್ಲ ತಾನು ಬಿಟ್ಟುಹೋದ ಹಾಗೇ ಇವೆ. ಬ್ರೇಕು ನೋಡಿದಳು, ಹಗ್ಗ ನೋಡಿದಳು. ಕೊನೆಗೆ ಲಿಫ್ಟಿನೊಳಗೆ ನಿಂತು ತಲೆ ತಗ್ಗಿಸಿದರೆ ನೆಲದಲ್ಲಿ ತನ್ನದೇ ಮುಖ ಕಾಣಿಸಿತು.

“ಅನಿಕೇತ್, ಇದೇನು?”

“ಮಾರ್ಬಲ್, ಮೇಡಮ್. ಇಟಾಲಿಯನ್.”

“ಯಾವಾಗ ಹಾಕಿದ್ರು?”

“ಬಿಲ್ಡರ್ ಕಾ ಆದ್ಮಿ ಬಂದಿದ್ದ. ನಾನು ಹಾಕು ಅಂದೆ. ನೀವು ಆ ದಿನ ಇರ್ಲಿಲ್ಲ. ವೋ ಠಾಣೆ ಮೇ... ದೀಪ ಹಚ್ಚೋದು...”

ಅಂದರೆ ಅವಳು ಠಾಣೆ ಊರಿನ ಮಹಿಳಾ ದಿನದಲ್ಲಿ ಜ್ಯೋತಿ ಬೆಳಗುತ್ತಿದ್ದ ಹೊತ್ತಿನಲ್ಲಿ ಇಲ್ಲಿ ನಾಲ್ಕೂ ಲಿಫ್ಟಿನ ಕಾಲಿಗೆ ಕಲ್ಲು ಕಟ್ಟಿದ್ದರು. ತೆಳ್ಳಗಿನ ಸ್ಟೀಲಿನ ನೆಲವೆಂದು ತಿಳಿದಿದ್ದ ಪ್ಯಾನೆಲ್ಲಿಗೆ ಇಟಲಿಯ ಭಾರ ಗೊತ್ತಿರಲಿಲ್ಲ. ಎದುರುತೂಕಕ್ಕೂ ಗೊತ್ತಿರಲಿಲ್ಲ. ದಾನೇಶ್ವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ, ಬಂದದ್ದು ಹುರುಪು. ಎಷ್ಟೋ ದಿನದ ಮೇಲೆ ಅವಳ ಎದುರು ಒಂದು ಪ್ರಶ್ನೆ ಬಂದಿತ್ತು, ಅದರಲ್ಲಿ ಅಡುಗೆಯ ಸುದ್ದಿ ಇರಲಿಲ್ಲ. ಎದುರುತೂಕದ ಚೌಕಟ್ಟಿಗೆ ಇನ್ನಷ್ಟು ಕಬ್ಬಿಣದ ಇಟ್ಟಿಗೆ ಹಾಕಿಸಿದಳು. ಮಷೀನ್ ರೂಮಿಗೂ ಲಿಫ್ಟಿಗೂ ಓಡಾಡಿ, ಖಾಲಿ ಲಿಫ್ಟೆಂದರೆ ಈಗ ಇಷ್ಟು ಭಾರ, ತುಂಬಿದ್ದೆಂದರೆ ಇಷ್ಟು ಎಂದು ಪ್ಯಾನೆಲ್ಲಿಗೆ ಮತ್ತೆ ಪಾಠ ಹೇಳಿದಳು. ಒಂದು ಲಿಫ್ಟಾದ ಮೇಲೆ ಇನ್ನೊಂದು. ಮೈಗೆಲ್ಲ ಗ್ರೀಸು. ಅನಿಕೇತ್ ಇಟ್ಟಿಗೆ ಹೊರುವವರ ಜೊತೆ ತಾನೂ ಹೊತ್ತ.

ಇನ್ಸ್‌ಪೆಕ್ಟರ್ ಬಂದಾಗ ಅವರ ಕೈಯಲ್ಲಿ ಕಟಿಂಗ್ ಚಹಾದ ಗ್ಲಾಸಿತ್ತು. ಎಲ್ಲ ಟೆಸ್ಟೂ ನೋಡಿ, ಬ್ರೇಕು ನೋಡಿ, ಕೊನೆಗೆ ತುಂಬಿದ ಲಿಫ್ಟಿನ ಆ ಮಾರ್ಬಲ್ ನೆಲದ ಮೇಲೆ ಗ್ಲಾಸು ಇಟ್ಟು, “ಚಲಾವ್” ಎಂದರು. ಲಿಫ್ಟು ಹೊರಟಿತು. ಚಹಾದ ಮೇಲೆ ಒಂದು ಸುಕ್ಕು ಕೂಡ ಬೀಳಲಿಲ್ಲ. ಮೇಲಿನ ಮಹಡಿಯಲ್ಲಿ ಬಾಗಿಲು ತೆರೆದಾಗ ಅವರು ಬಗ್ಗಿ ಗ್ಲಾಸು ಎತ್ತಿ ಉಳಿದ ಚಹಾ ಕುಡಿದರು. “ಕೋಣ್ ಇನ್‌ಚಾರ್ಜ್?” ಎಂದು ಕೇಳಿದರು. ದಾನೇಶ್ವರಿ ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿ ಸಹಿ ಹಾಕಿದಳು.

ಸಂಜೆ ಮನೆಯಲ್ಲಿ ಟೀವಿಯ ಶಾಲಿನ ಮೇಲೆ ಗಾಜಿನ ಒಂದು ಟ್ರೋಫಿ ಕೂತಿತ್ತು. ಭುವನೇಶ್ವರಿ ಕಾಲು ಚಾಚಿ ಕೂತು, ಪಾರ್ಲೆಯ ಅಧ್ಯಕ್ಷೆಯಿಂದ ಹಿಡಿದು ಮೈಕ್ ಸರಿಮಾಡುವವನ ಕೆಮ್ಮಿನವರೆಗೆ ಎಲ್ಲರನ್ನೂ ಮಾಡಿ ತೋರಿಸಿದಳು. ತಾನು ಏನು ಮಾತಾಡಿದೆ ಎಂಬುದನ್ನು ಮಾತ್ರ ಹೇಳಲಿಲ್ಲ. “ಏನೋ ಒದರಿ ಬಂದೆ ಬಿಡ,” ಎಂದು ಹಾರಿಸಿದಳು. ಅದನ್ನು ದಾನೇಶ್ವರಿ ನೋಡಿದ್ದು ಭಾನುವಾರ, ಮೊಬೈಲಿನಲ್ಲಿ. ಸಂಘದವರು ವಿಡಿಯೋ ಹಾಕಿದ್ದರು.

ಮನೆ-ಆಫೀಸು ಹೇಗೆ ಸರಿತೂಗಿಸುತ್ತೀರಿ ಎಂದು ಅಧ್ಯಕ್ಷೆ ಕೇಳಿದ್ದರು. ಇಳಕಲ್ ಸೀರೆಯ ದಾನೇಶ್ವರಿ ಮೈಕನ್ನು ಲಟ್ಟಣಿಗೆಯ ಹಾಗೆ ಹಿಡಿದು, ಮುರುಕು ಹಿಂದಿಯಲ್ಲಿ ಹೇಳುತ್ತಿದ್ದಳು: “ಲಿಫ್ಟ್ ಮೇಲೆ ಹೋಗ್ಬೇಕಂದ್ರೆ ಇನ್ನೊಂದು ಕಡೆ ಒಂದು ತೂಕ ಕೆಳಗೆ ಇಳೀಬೇಕು. ಅದು ಗೋಡೆ ಒಳಗೆ ಇರುತ್ತೆ, ಯಾರಿಗೂ ಕಾಣೋದಿಲ್ಲ. ನಾನು ಬೆಳಿಗ್ಗೆ ಡಬ್ಬಿ ತಗೊಂಡು ಹೊರಡ್ತೀನಿ. ಆ ಡಬ್ಬಿ ಕಟ್ಟಿದ್ದು ಯಾರು? ನಮ್ಮ ವೈನಿ. ಆಕೆ ಕೂಡ ಓದಿದವಳು. ಆಕೆಯನ್ನ ಯಾರೂ ಸ್ಟೇಜ್ ಮೇಲೆ ಕರೆಯೋದಿಲ್ಲ. ಇವತ್ತು ನಾನು ಕರೀತೀನಿ, ಒಂದು ಚಪ್ಪಾಳೆ ಹೊಡೀರಿ ಆಕೆಗೆ.”

ಸಭೆಯೆಲ್ಲ ಎದ್ದು ನಿಂತು ಹೊಡೆದಿತ್ತು. ವೈನಿ ತನ್ನ ಚಪ್ಪಾಳೆಯನ್ನು ತಾನೇ ಕೇಳಿ ತಾನೇ ಪಡೆದು ಬಂದಿದ್ದಳು. ದಾನೇಶ್ವರಿಗೆ ನಗು ಬಂತು. ಎರಡನೇ ಸಲ ನೋಡಿದಾಗ ಬರಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

ಸೋಮವಾರ ಶ್ರೀಮಂತ ಸರ್ ಕರೆದರು. ಒಳಗೆ ಅನಿಕೇತ್ ನಿಂತಿದ್ದ. ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಬಾಯಿ ತೆರೆದಾಗ ಗೊತ್ತಾಯಿತು, ವೈಶಾಲಿ. ಕುತ್ತಿಗೆ, ಭುವನೇಶ್ವರಿ ಮಾಡಿ ತೋರಿಸಿದ್ದಷ್ಟೇ ವಾಲುತ್ತಿತ್ತು. ಆದರೆ ಜೇನು ಇರಲಿಲ್ಲ.

“ಶನಿವಾರ ಮಧ್ಯಾಹ್ನ ದಾನೇಶ್ವರಿ ಪಾರ್ಲೆಯಲ್ಲಿದ್ದಳು. ಇಡೀ ಕಂಪನಿ ವಿಡಿಯೋ ನೋಡಿದೆ. ಡೈರೆಕ್ಟರ್ ಸರ್ ಸ್ವತಃ ಶೇರ್ ಮಾಡಿದ್ದಾರೆ, ‘ನಮ್ಮ ಹೆಮ್ಮೆ’ ಅಂತ. ಹಾಗಾದರೆ ಇಲ್ಲಿ ಟೆಸ್ಟ್ ಮಾಡಿಸಿದ್ದು ಅನಿಕೇತ್. ರಿಪೋರ್ಟಿನ ಮೇಲೆ ದಾನೇಶ್ವರಿಯ ಸಹಿ ಹೇಗೆ ಬಂತು? ಹೆಡ್ ಆಫೀಸು ಇನ್‌ಚಾರ್ಜ್ ಅಂತ ಅನಿಕೇತ್ ಹೆಸರೇ ಹಾಕ್ತಿದೆ.” ಅವಳು ದಾನೇಶ್ವರಿಯ ಕಡೆ ತಿರುಗಿದಳು. “ನೀವು ಯಾರು?”

ಸನ್ಮಾನದಿಂದ ತಪ್ಪಿಸಿಕೊಂಡರೂ ಸನ್ಮಾನ ದಾನೇಶ್ವರಿಯ ಸೈಟನ್ನು ಮೂರನೇ ಸಲ ನುಂಗಲು ಬಂದಿತ್ತು. ಸುಮ್ಮನಿದ್ದರೆ ನೌಕರಿ ಉಳಿಯುತ್ತಿತ್ತು, ಸೈಟು ಹೋಗುತ್ತಿತ್ತು. ಬಾಯಿ ಬಿಟ್ಟರೆ ಎರಡೂ ಹೋಗಬಹುದು. ಗೋಡೆಯ ಒಳಗಿನ ತೂಕ ನೆನಪಾಯಿತು.

“ನಾನs ದಾನೇಶ್ವರಿ,” ಎಂದಳು. “ಪಾರ್ಲೇದಾಗ ಇದ್ದಾಕಿ ನಮ್ಮ ವೈನಿ, ಭುವನೇಶ್ವರಿ. ಕಳಿಸಿದಾಕಿ ನಾನು.”

ಅನಿಕೇತ್ ಒಂದು ಹೆಜ್ಜೆ ಮುಂದೆ ಬಂದ. “ಟೆಸ್ಟ್ ಮೇಡಮ್‌ನೇ ಮಾಡಿದ್ದು. ಇನ್ಸ್‌ಪೆಕ್ಟರ್‌ಗೆ ಫೋನ್ ಮಾಡಿ ಕೇಳಿ. ಮಾರ್ಬಲ್ ವಾಲೀ ತಪ್ಪು ನಂದು. ನನ್ನ ಹೆಸರು ಹಾಕಬೇಡಿ, ಲಿಫ್ಟ್‌ಗೆ ಗೊತ್ತಾದ್ರೆ ನಗುತ್ತೆ.”

ವೈಶಾಲಿ ಮೊಬೈಲಿನ ವಿಡಿಯೋ ನೋಡಿದಳು, ದಾನೇಶ್ವರಿಯ ಗ್ರೀಸಿನ ಉಗುರು ನೋಡಿದಳು, ಮತ್ತೆ ವಿಡಿಯೋ ನೋಡಿದಳು. “ಇದು ಮೋಸ,” ಎಂದಳು. “ಡೈರೆಕ್ಟರ್ ಸರ್‌ಗೆ ನಾನು ಏನು ಹೇಳಲಿ?”

ಅಷ್ಟು ಹೊತ್ತು ಪೆನ್ನಿನ ಟೊಪ್ಪಿಗೆ ತಿರುಗಿಸುತ್ತಿದ್ದ ಶ್ರೀಮಂತ ಸರ್ ಅಂದು ಖಜಾನೆ ತೆರೆದರು. “ಮೇಡಮ್, ಒಂದು ಕೇಳ್ತೀನಿ. ಆ ಸ್ಟೇಜಿನ ಮ್ಯಾಲೆ ಲಿಫ್ಟಿನ ಬಗ್ಗೆ ಯಾರರೆ ಏನರೆ ಕೇಳಿದ್ರೇನು?”

ವೈಶಾಲಿ ಯೋಚಿಸಿದಳು. “ಇಲ್ಲ.”

“ಮತ್ತ ಅಲ್ಲಿ ಎಂಜಿನಿಯರ್ ಯಾಕ ಬೇಕಾಗಿತ್ತು?”

ವೈಶಾಲಿಯ ಮುಖದ ಮೇಲೆ ಲೆಕ್ಕ ಓಡುವುದು ಕಾಣುತ್ತಿತ್ತು: ಬಣ್ಣ ಬಯಲಾದರೆ ಟ್ರೋಫಿ ವಾಪಸ್ಸು, ಡೈರೆಕ್ಟರ್ ಸರ್ ಹೆಮ್ಮೆ ವಾಪಸ್ಸು, ತನ್ನ ಮೊದಲ ಮಾರ್ಚೇ ಕೊನೆಯ ಮಾರ್ಚು. ಲೆಕ್ಕ ಮುಗಿದ ಮೇಲೆ ಅವಳ ಕುತ್ತಿಗೆ ನಿಧಾನವಾಗಿ ಒಂದು ಕಡೆ ವಾಲಿತು. ದನಿಯಲ್ಲಿ ಒಂದು ಹನಿ ಜೇನು ಕಾಣಿಸಿತು.

“ಈ ನಿಮ್ಮ ವೈನಿ... ಮುಂದಿನ ವಾರ ನಾಶಿಕಿಗೆ ಬರ್ತಾರಾ?”

ಪಾರ್ಲೆಯ ಸಂಘಕ್ಕೆ ವಿವರಣೆ ಹೋಯಿತು: ಅಂದು ವೇದಿಕೆಯ ಮೇಲಿದ್ದದ್ದು ದಾನೇಶ್ವರಿಯ ಪರವಾಗಿ ಬಂದಿದ್ದ ಕಂಪನಿಯ ಪ್ರತಿನಿಧಿ ಭುವನೇಶ್ವರಿ, ಗಡಿಬಿಡಿಯಲ್ಲಿ ಹೆಸರು ಅದಲುಬದಲಾಗಿದೆ. ಪ್ರತಿನಿಧಿ ಎಂಬುದು ನಿಜವಾಗಬೇಕೆಂದರೆ ನೇಮಕ ಆಗಬೇಕಲ್ಲ? ವೈಶಾಲಿ ಭಾಂಡುಪಿನ ಮೂರು ಮಹಡಿ ಹತ್ತಿ ಬಂದು, ಏದುಸಿರು ಬಿಡುತ್ತ ರೊಟ್ಟಿ-ಶೇಂಗಾ ಚಟ್ನಿ ತಿಂದಳು. ‘ಮಹಿಳೆ ಮತ್ತು ತಂತ್ರಜ್ಞಾನ ರಾಯಭಾರಿ’ ಆಗುತ್ತೀರಾ ಎಂದು ಕೇಳಿದಳು. ಭುವನೇಶ್ವರಿ ಒಂದೇ ಷರತ್ತು ಹಾಕಿದಳು: “ಶಾಲು ಬ್ಯಾಡ್ರಿ. ಮನ್ಯಾಗ ಜಾಗ ಇಲ್ಲ. ಪಗಾರ ಕೊಡ್ರಿ.” ದಾನೇಶ್ವರಿಗೆ ಸೈಟು ಸಿಕ್ಕಿತು, ಜೊತೆಗೆ ಒಂದು ಎಚ್ಚರಿಕೆ ಪತ್ರವೂ ಸಿಕ್ಕಿತು. ಕಂಪನಿಯ ಗುರುತು, ಬಂಗಾರದ ಅಂಚು ನೋಡಿ ಮಲ್ಲಕ್ಕ ಅದನ್ನು ಸನ್ಮಾನಪತ್ರವೆಂದು ತಿಳಿದು ಫ್ರೇಮ್ ಹಾಕಿಸಲು ಹೊರಟಿದ್ದಳು. ಶರಣು ಬಾಗಿಲಲ್ಲಿ ತಡೆದ.

ಘಾಟ್ಕೋಪರಿನ ಟವರಿನ ಲಿಫ್ಟುಗಳನ್ನು ಸೊಸೈಟಿಗೆ ಒಪ್ಪಿಸುವ ದಿನ ರಾಯಭಾರಿಯೇ ರಿಬ್ಬನ್ ಕತ್ತರಿಸಿದಳು. ಡೈರೆಕ್ಟರ್ ಸರ್, ಬಿಲ್ಡರು, ಸೊಸೈಟಿಯವರು ಎಲ್ಲ ಎರಡನೇ ಲಿಫ್ಟಿಗೆ ನುಗ್ಗಿದರು. ಎಲ್ಲರಿಗಿಂತ ಮೊದಲು ಒಳಗೆ ಹೋಗಬೇಕಾದವಳು ಮಾತ್ರ ಹೊಸ್ತಿಲಲ್ಲಿ ನಿಂತುಬಿಟ್ಟಳು. ಬಾಗಿಲ ಬಳಿ ನಿಂತಿದ್ದ ದಾನೇಶ್ವರಿಯ ತೋಳು ಹಿಡಿದಳು. ಆ ದನಿ ಯಾರದ್ದೂ ಆಗಿರಲಿಲ್ಲ, ಅವಳದ್ದೇ.

“ದಾನವ್ವ, ಜಾರಂಗಿಲ್ಲಲ್ಲ?”

“ನಾ ತೂಕ ಹಾಕೀನಿ ವೈನಿ. ಬರ್ರಿ.”

ಭುವನೇಶ್ವರಿ ಕಣ್ಣು ಮುಚ್ಚಿ ದಾನೇಶ್ವರಿಯ ಜೊತೆ ಒಳಗೆ ಕಾಲಿಟ್ಟಳು. ಅನಿಕೇತ್ ಹೊರಗಿನಿಂದ ಹೆಬ್ಬೆರಳು ತೋರಿಸಿದ. ಬಾಗಿಲು ಮುಚ್ಚುವ ಮೊದಲು ಫೋಟೋದವನು ಕ್ಯಾಮೆರಾ ಎತ್ತಿ, ಇಳಕಲ್ ಸೀರೆಯ ರಾಯಭಾರಿಯನ್ನು ನೋಡಿದ, ಅವಳ ಪಕ್ಕದಲ್ಲಿ ಹೆಲ್ಮೆಟ್ಟು ಹಾಕಿ ನಿಂತವಳನ್ನು ನೋಡಿ ಕೈ ಬೀಸಿದ.

“ಮೇಡಮ್, ಆಪ್ ಥೋಡಾ ಸೈಡ್ ಮೇ ಹೋ ಜಾಯಿಯೇ.”

ದಾನೇಶ್ವರಿ ಖುಷಿಯಿಂದ ಪಕ್ಕಕ್ಕೆ ಸರಿದಳು. ಗುಂಡಿಗಳು ಇದ್ದದ್ದು ಆ ಪಕ್ಕದಲ್ಲೇ.